ಹನ್ನೆರಡೋ ಹದಿನಾರೋ

ಔಲುವಿಗೆ ಈ ತಿಂಗಳು ಬೆಳಕು ಬರುವುದು ಹತ್ತೂವರೆಗೆ,
ಎರಡಕ್ಕೆಲ್ಲ ಎದ್ದು ಹೊರಟೇಬಿಡುತ್ತದೆ, ನೆಂಟರ ಹಾಗೆ.
ನಮ್ಮ ಕಚೇರಿಗೆ ಅಷ್ಟೂ ಬೇಡ:
ಕಿಟಕಿಗೆ ಕರಿಪರದೆ, ಮೂರು ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ,
ನನ್ನ ತೊಡೆಯ ಮೇಲೊಂದು ನಮೂನೆ.
ಹಿಂಸೆ, ನಗ್ನತೆ, ಬೈಗುಳ, ತಂಬಾಕು.
ಕಂಡಲ್ಲಿ ಗುರುತು ಹಾಕಿ, ನಿಮಿಷ ಬರೆದು
ಕೊನೆಗೊಂದು ಅಂಕಿ ಕೊಡಬೇಕು:
ಏಳೋ, ಹನ್ನೆರಡೋ, ಹದಿನಾರೋ.

ಇಪ್ಪತ್ತೆರಡು ವರ್ಷದ ಕಸುಬು.
ನೆತ್ತರನ್ನು ಲೀಟರಿನಲ್ಲಿ ಅಳೆದಿದ್ದೇನೆ,
ಮುತ್ತನ್ನು ಸೆಕೆಂಡಿನಲ್ಲಿ.

ಈ ಸಲದ್ದು ಹಾಸ್ಯಚಿತ್ರವಂತೆ.
ಗೋಡೆಯೆಲ್ಲ ಪಿಸ್ತಾ ಬಣ್ಣ, ಬಾಗಿಲೆಲ್ಲ ನಿಂಬೆಹಳದಿ,
ಪ್ರತಿಯೊಬ್ಬರೂ ಚೌಕಟ್ಟಿನ ನಟ್ಟನಡುವೆ ನಿಂತು
ರೈಲಿನ ವೇಳಾಪಟ್ಟಿ ಓದುವವರಂತೆ ಮಾತಾಡುತ್ತಾರೆ.
ಅಂಗಿಗುಂಡಿ ಮಾರುವವನೊಬ್ಬ;
ಹೆಂಡತಿ ಸತ್ತಿದ್ದಾಳೆ; ಒಂದೇ ಬಣ್ಣದ ಮಳೆಯಂಗಿ ತೊಟ್ಟ ಮೂರು ಮಕ್ಕಳು;
ದೋಣಿಯಲ್ಲಿ ಪೆಟ್ಟಿಗೆ ಅದಲುಬದಲಾಗಿ
ದ್ವೀಪದಲ್ಲಿ ಅವರು ಹೂಳುವುದು
ಯಾರದೋ ಒಂದು ಸೆಲ್ಲೋ ವಾದ್ಯವನ್ನು.
ಪಾದ್ರಿ ಅದಕ್ಕೂ ಮಂತ್ರ ಹೇಳುತ್ತಾನೆ.
ಮಣ್ಣು ಬಿದ್ದಾಗ ತಂತಿಯೊಂದು ಮಿಡಿಯುತ್ತದೆ.

ಮೂವತ್ತೊಂದನೇ ನಿಮಿಷ: ಅಡುಗೆಯವನ ಬೆರಳು ತುಂಡಾಗಿ
ಅವರೆಕಾಳಿನಂತೆ ಪುಟಿಯುತ್ತದೆ. ‘ಕ್ಷಮಿಸಿ’ ಅನ್ನುತ್ತಾನೆ. ರಕ್ತವಿಲ್ಲ.
ಐವತ್ತನೆಯದು: ಮುದುಕಿಯೊಬ್ಬಳ ಬರಿಬೆನ್ನು.
ಸೌನಾದ ನಾಡಿನಲ್ಲಿ ಅದಕ್ಕೇನು ಲೆಕ್ಕ?
ಬೈಗುಳ ಒಂದೇ, ಅದೂ ಲ್ಯಾಟಿನ್ನಿನಲ್ಲಿ.
ಅರವತ್ತೆರಡು: ಅಪ್ಪ ದೋಣಿಯ ಕನ್ನಡಿಯೆದುರು
ತಲೆ ಬಾಚಿಕೊಳ್ಳುತ್ತಾನೆ. ಬೈತಲೆ ತೆಗೆಯುತ್ತಾನೆ, ಕೆಡಿಸುತ್ತಾನೆ, ಮತ್ತೆ ತೆಗೆಯುತ್ತಾನೆ.
ಪೂರ್ತಿ ಎರಡು ನಿಮಿಷ.
ಪೆನ್ನೆತ್ತಿದೆ. ಯಾವ ಕಲಮಿನಲ್ಲಿ?

‘ಏಳು ಕೊಡು,’ ಎಂದ ಇಲ್ಪೊ, ‘ಚಿತ್ರದ ಪುಸ್ತಕದ ಹಾಗಿದೆ.’
‘ಹದಿನಾರು,’ ಎಂದಳು ಸಿರ್ಕು, ‘ಸಣ್ಣವರಿಗೆ ಬೇಜಾರು.’
ಬೇಜಾರಿಗೆ ಕಲಂ ಇಲ್ಲ ಎಂದೆ.
‘ಅದಕ್ಕೇ ಇಷ್ಟೊಂದು ಸಿನಿಮಾ’ ಎಂದು ಕಾಫಿ ಬಗ್ಗಿಸಿಕೊಂಡಳು.

ನಿಯಮದಲ್ಲಿಲ್ಲ, ಆದರೂ ಮರುದಿನ
ಹೌಕಿಪುದಾಸ್ ಶಾಲೆಯ ಎಂಟು ಜನರನ್ನು ಕೂರಿಸಿ ತೋರಿಸಿದೆ.
ಹದಿಮೂರು, ಹದಿನಾಲ್ಕರವು: ಉದ್ದ ಕಾಲು, ಒದ್ದೆ ಸಾಕ್ಸು,
ಮೊಬೈಲು ಕವುಚಿಟ್ಟುಕೊಂಡು ಅದನ್ನೇ ನೋಡುವ ಕಣ್ಣು.
ಪರದೆಗೆ ಬೆನ್ನು ಮಾಡಿ ನಾನು ಅವರ ಮುಖ ನೋಡಿದೆ.
ಬೆರಳಿಗೆ ಬಿದ್ದು ಬಿದ್ದು ನಕ್ಕವು.
ಸೆಲ್ಲೋ ಹೂಳುವಾಗ ಒಬ್ಬಳಿಗೆ ಬಿಕ್ಕಳಿಕೆಯೇ ಹತ್ತಿತು.
ಬಾಚಣಿಗೆ ಬಂದಾಗ ಯಾರೋ ಕಿಸಕ್ಕೆಂದರು,
ಆ ನಗು ಜೊತೆ ಸಿಗದೆ
ಎರಡನೇ ಸಾಲಿನಲ್ಲೇ ಕೂತುಬಿಟ್ಟಿತು.

ಮುಗಿದ ಮೇಲೆ, ಹೇಗಿತ್ತು ಅಂದರೆ ಭುಜ ಕುಣಿಸಿದರು.
ವಿಚಿತ್ರ. ಪರವಾಗಿಲ್ಲ. ಬಣ್ಣ ಚೆನ್ನಾಗಿದೆ.
ಓತ್ಸೊ ಎಂಬವನು ಜಾಕೆಟ್ಟಿನ ಜಿಪ್ಪು ಎಳೆಯುತ್ತ, ಜಿಪ್ಪಿಗೇ ಹೇಳಿದ:
‘ಆ ತಲೆ ಬಾಚೋದು ನಿಜ.
ನಮ್ಮಪ್ಪ ಆವತ್ತು ಕಾರು ತೊಳೆದ.
ಸೊನ್ನೆಗಿಂತ ಹದಿನಾಲ್ಕು ಕೆಳಗಿತ್ತು. ಸುರಿದ ನೀರು ಸುರಿದಲ್ಲೇ ಗಾಜು.
ಅವನು ಉಜ್ತಾನೇ ಇದ್ದ.’
ಸ್ವಲ್ಪ ತಡೆದು: ‘ನಗು ಬರ್ತಿತ್ತು.’
ಆಮೇಲೆ ಬಸ್ಸು ಎಷ್ಟಕ್ಕೆ ಎಂದು ಕೇಳಿದ.

ಸಂಜೆ ಇಲ್ಪೊನ ಫೋನು:
‘ಅಡ್ಡಗೋಡೆಯ ಮೇಲೆ ದೀಪ ಇಡಬೇಡ, ಅಂಕಿ ಹೇಳು.’
ಹನ್ನೆರಡು ಎಂದೆ.
ಷರಾದಲ್ಲಿ ಬರೆದೆ: ದೊಡ್ಡವರು
ಹದಿಮೂರರವರೊಬ್ಬರ ಜೊತೆಯಲ್ಲಿ ಬಂದರೆ ಪ್ರವೇಶ.
ಗಣಕಯಂತ್ರ ಒಪ್ಪಲಿಲ್ಲ; ಅಲ್ಲಿ ಅಂಕಿ ಮಾತ್ರ ಹಿಡಿಸುತ್ತದೆ.
ಅಳಿಸಿದೆ.

ಮನೆಯ ದಾರಿಯ ಪೆಟ್ರೋಲ್ ಬಂಕಿನಲ್ಲಿ ಹಲಗೆ ನೇತಾಡುತ್ತಿತ್ತು:
ಚಳಿಯ ಕಾರಣ ವಾಹನ ತೊಳೆಯುವುದಿಲ್ಲ.
ಕಾರಿನೊಳಗೆ ಒಬ್ಬಳೇ, ಫಕ್ಕನೆ ನಕ್ಕುಬಿಟ್ಟೆ.
ಹಿಂದಿನವರು ಹಾರನ್ ಹೊಡೆಯುವ ತನಕ
ಗೇರು ಹಾಕಲಾಗಲಿಲ್ಲ.