ಮಗ್ಗ ನಿಂತ ಹೊತ್ತು

ಬನಹಟ್ಟಿಯ ನಮ್ಮ ಓಣಿಯೊಳಗ
ಮಗ್ಗದ ಸಪ್ಪಳಕ್ಕ ಬಾಗಿಲಿಲ್ಲ.
ಎರಡೂವರಿ ವರ್ಷ ತುಂಬಿದ್ರೂ ಭುವನಾ
ಬೊಟ್ಟು ಮಾಡ್ತಾಳ, ಹೆಸರು ಹೇಳಂಗಿಲ್ಲ.

ಜಮಖಂಡಿ ಡಾಕ್ಟರು, ಕಿವಿ ಚಲೋ ಅದಾವ ಅಂದ್ರು.
ಅಂಗನವಾಡಿ ಶಾಹೀನಕ್ಕ ಅಂದ್ಲು,
"ದಿನಾ ಒಂದ್ ತಾಸು ಬಂದ್ ಮಾಡ್ರಿ,
ಆಕಿ ಕೂಡ ಮಾತಾಡ್ರಿ."

ತಾಸಿಗೆ ಎಷ್ಟು ಗಜ ಹೋಗ್ತದ ಅಂತ
ಇವರು ಬೆರಳು ಎಣಿಸಿದ್ರು.
ಆಮ್ಯಾಲ ತಾವೇ ಬಟನ್ ಒತ್ತಿದ್ರು.

ಮನಿ ಸುಮ್ಮನಾತು.
ನಮಗೇ ಮಾತು ಬರವೊಲ್ದು!
ಒದರಿ ಒದರಿ ರೂಢಿ,
ಮೆಲ್ಲಗ ಅನ್ನೂದು ಮರೆತಿದ್ವಿ.
"ಇದು ಲಾಳಿ," ಅಂದ್ರು ಇವರು,
"ಇದು ಕೆಂಪು ನೂಲು.
ಇಕಿ... ನಿಮ್ಮವ್ವ."

ಹದಿನೇಳನೇ ದಿನ
ಮೀಟರ್ ಡಬ್ಬಿ ಮ್ಯಾಲ ಗುಬ್ಬಿ ಕುಂತಿತ್ತು.
ಭುವನಾ ತುಟಿಗೆ ಬೊಟ್ಟಿಟ್ಟು
ನಮಗ "ಶ್" ಅಂದ್ಲು.
ಆಮ್ಯಾಲ, ಗುಬ್ಬಿಗಷ್ಟ ಕೇಳೂವಂಗ,
"ಬಾ."