ತುಂಬಬೇಡ ಇದನ್ನ

ಬ್ರಗಾನ್ಸಾ ಆಸ್ಪತ್ರೆಯ ಡಾಕ್ಟರು ಚೀಟಿಯ ಹಿಂಬದಿಗೆ
ಪೆನ್ನಿನಲ್ಲಿ ಕರುಳು ಬರೆದು ತೋರಿಸಿದ.
ಎಳೆಯ ಹುಡುಗ. ಗೆರೆ ನಡುಗುತ್ತಿತ್ತು.
ಪೆನ್ನು ಕೊಡಪ್ಪಾ ಇಲ್ಲಿ, ಅಂದೆ,
ಐವತ್ತೆರಡು ಚಳಿಗಾಲ ಹಂದಿಯ ಕರುಳು ತೊಳೆದವಳು ನಾನು,
ಅದು ಹಾಗೆ ಮಡಿಸಿಕೊಳ್ಳುವುದಿಲ್ಲ.

ಅವನು ನಗಲಿಲ್ಲ.
ಮೊದಲಿನ ಗೆರೆಗೆ ಅಂಟಿಸಿ ಇನ್ನೊಂದು ಎಳೆದ,
ಗೇಣುದ್ದ, ಎರಡೂ ತುದಿ ಮುಚ್ಚಿದ್ದು.
ದೋನಾ ದೆಯೊಲಿಂದಾ, ಇದು ನಿಮ್ಮ ಜೊತೆಗೇ ಹುಟ್ಟಿದ್ದು.
ಇಬ್ಬರಿಗೂ ಒಂದೇ ಗೋಡೆ, ಒಂದೇ ರಕ್ತ.
ಬಾಗಿಲು ಮಾತ್ರ ಇಲ್ಲ.

ಅರವತ್ತಾರು ವರ್ಷ!
ನಾನು ತಿಂದ ರೈ ರೊಟ್ಟಿ, ಬೇಯಿಸಿದ ಚೆಸ್ಟ್‌ನಟ್,
ಮದುವೆಯ ದಿನದ ಕುರಿಮರಿ,
ಅದೇಲಿಯೊ ತೀರಿದ ವಾರ ಗಂಟಲಲ್ಲಿ ನಿಂತ ಸೂಪು
ಪಕ್ಕದ ಓಣಿಯಲ್ಲಿ ಹಾದುಹೋಗುವ ಸದ್ದನ್ನೆಲ್ಲ
ಗೋಡೆಗೆ ಕಿವಿಯಿಟ್ಟು ಕೇಳಿರಬೇಕು ಅದು.
ಒಂದು ತುತ್ತೂ ಕಾಣದೆ
ತನ್ನ ನೀರು ತಾನೇ ಸುರಿಸಿ, ಅದರಲ್ಲೇ ಊದಿ,
ಕೊನೆಗೆ ತನ್ನನ್ನೇ ತಿನ್ನಲು ಕಲಿಯಿತು.

ಬಹಳ ಅಪರೂಪ, ಅಂದ ಡಾಕ್ಟರು.
ಕ್ಯಾನ್ಸರ್ ಇಂಥಲ್ಲಿ ಬೇರು ಬಿಡುವುದನ್ನು
ಅವರ ಮೇಷ್ಟರೂ ಕಂಡಿಲ್ಲವಂತೆ.
ಹೇಳುವಾಗ ಕಣ್ಣು ಹೊಳೆಯಿತು, ಪಾಪ,
ತಟ್ಟನೆ ಬಾಗಿಸಿಕೊಂಡ.
ನನಗೆ ಸಿಟ್ಟು ಬರಲಿಲ್ಲ.
ಎರಡು ಬಾಲದ ಮರಿ ಹುಟ್ಟಿದ ದಿನ
ನಾನೂ ಓಡಿದ್ದೆ ಊರಿಗೆಲ್ಲ ಹೇಳಲು.

ಆಮೇಲೆ ನೆನಪಾಯಿತು, ಬಸ್ಸಿನಲ್ಲಿ.
ಹದಿನಾಲ್ಕು ನನಗೆ. ತುವೆಲಾ ಹೊಳೆಯ ಅಂಚಿಗೆ ಮಂಜುಗಡ್ಡೆ.
ಅವ್ವ ಉಪ್ಪು, ವಿನಿಗರ್, ಕಿತ್ತಳೆ ಸಿಪ್ಪೆ ಹಾಕಿ ಉಜ್ಜಿ
ಕರುಳಿನ ತುದಿ ತುಟಿಗಿಟ್ಟು ಊದಿದಳು.
ಉಸಿರು ಓಡಿತು, ಓಡಿತು,
ಒಂದು ಕಡೆ ಪಕ್ಕಕ್ಕೆ ಗಂಟೊಂದು
ಉಸಿರನ್ನು ಒಳಗೆ ಬಿಟ್ಟುಕೊಳ್ಳದೆ ಕೂತಿತು.
ಅವ್ವ ಹೆಬ್ಬೆರಳಿನಿಂದ ಮೂರು ಸಲ ಒತ್ತಿ ನೋಡಿ
ಮೊಳದಷ್ಟು ಕತ್ತರಿಸಿ ನೀರಿಗೆ ಎಸೆದಳು.
ತುಂಬಬೇಡ ಇದನ್ನ. ಹೊಗೆಯಲ್ಲಿ ಒಡೆಯುತ್ತೆ.

ಅದೇ ಹೆಬ್ಬೆರಳು ನನ್ನ ಹೊಟ್ಟೆಯ ಮೇಲೂ ಓಡಿತ್ತು,
ನೋವೆಂದು ನಾನು ಅತ್ತ ರಾತ್ರಿಗಳಲ್ಲಿ,
ಬಿಸಿ ಆಲಿವ್ ಎಣ್ಣೆ ಹಚ್ಚಿ.
ತಡೆದು ನಿಂತಿತ್ತೇ ಒಮ್ಮೆಯಾದರೂ, ಒಂದೇ ಕಡೆ?
ಇರಬಹುದು. ಹಂದಿಯಾದರೆ ಸೀಳಿ ನೋಡಬಹುದು,
ಮಗುವಿಗೆ ಎಣ್ಣೆ ಹಚ್ಚಬಹುದು, ಅಷ್ಟೇ.

ನಾದಿನಿ ಜುಲ್ಮೀರಾ ಬಂದಳು, ಹೊಲಿಗೆ ಬಿಚ್ಚಿದ ಮೇಲೆ.
ನಿನ್ನನ್ನು ಹೊತ್ತಾಗಲೂ ನಿಮ್ಮವ್ವ ಹೊಳೆಗಿಳಿದು ಕರುಳು ತೊಳೆದಳಂತೆ,
ಒಂದು ಜಾರಿ ಒಳಗೆ ಹೋಗಿರಬೇಕು, ಅಂದಳು.
ಹಾಗಿದ್ದರೆ ಅರ್ಧ ಊರಿಗೆ ಎರಡೆರಡು ಇರಬೇಕಿತ್ತು,
ನಿನಗಂತೂ ನಾಲ್ಕು, ಅಂದೆ.
ನಕ್ಕರೆ ಹೊಲಿಗೆ ಎಳೆಯುತ್ತದೆ. ಆದರೂ ನಕ್ಕೆ.

ಈಗ ಹದಿನೈದು ದಿನಕ್ಕೊಮ್ಮೆ ತೋಳಿಗೆ ಔಷಧಿ ಹನಿಸುತ್ತಾರೆ.
ಅದು ಏರಿದ ವಾರ ತಣ್ಣಗಿನದು ಯಾವುದನ್ನೂ ಮುಟ್ಟುವಂತಿಲ್ಲ,
ನಲ್ಲಿ, ಚಮಚ, ಬಾಗಿಲ ಚಿಲಕ
ಎಲ್ಲಕ್ಕೂ ಜೇನುನೊಣದ ಕೊಂಡಿ.
ಹೊಳೆಯಲ್ಲಿ ಮೊಣಕೈವರೆಗೆ ಮುಳುಗಿಸಿದ ಕೈಗಳಿವು;
ತೊಡೆಯ ಮೇಲೆ ಉಣ್ಣೆಗವಸು ಹಾಕಿಕೊಂಡು
ನೆಂಟರ ಹಾಗೆ ಕೂತಿವೆ.

ಜನವರಿ. ಎರಡು ಹಂದಿ ಇಳಿದಿವೆ.
ಸೊಸೆ ಇಲ್ದಾ ಬೆಚ್ಚಗಿನ ನೀರಲ್ಲಿ ತೊಳೆದು ತರುತ್ತಾಳೆ.
ನಾನು ಒಲೆಯ ಪಕ್ಕ ಕೂತು ಊದುತ್ತೇನೆ,
ಬಲ್ಬಿಗೆ ಹಿಡಿದು ನೋಡುತ್ತೇನೆ.
ನಿನ್ನೆ ಒಂದರಲ್ಲಿ ಉಸಿರು ತಡವರಿಸಿತು.
ಬರೀ ಕೊಬ್ಬಿನ ಮಡಿಕೆ, ಅತ್ತೆ, ಅಂದಳು.
ಇದ್ದೀತು.
ಗವಸು ಕಳಚಿ ಒತ್ತಿ ನೋಡಿದೆ.
ಬೆರಳಿಗೆ ಏನೂ ಹೇಳಲಿಲ್ಲ ಅದು,
ಮರದ ತುಂಡಿನಿಂದ ಮುಟ್ಟಿದ ಹಾಗಿತ್ತು.

ನಿನ್ನ ಹೆಬ್ಬೆರಳು ಕೊಡು ಇಲ್ಲಿ, ಅಂದೆ.