ಹಿರಿಯ

ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿ ನಾನು
ಎಲ್ಡರ್ ಟಿಂಗೀ. ಅಂದರೆ ಹಿರಿಯ.
ವಯಸ್ಸು ಹತ್ತೊಂಬತ್ತು. ಗಡ್ಡ ಬಿಡುವಂತಿಲ್ಲ,
ಅದು ಸರಿಯಾಗಿ ಬರುವುದೂ ಇಲ್ಲ.

ಆರೂವರೆಗೆ ಅಲಾರಂ. ಕಿಟಕಿಯಲ್ಲಿ
ಬೆಳಗು ಅನ್ನುವಂಥದ್ದೇನೂ ಇಲ್ಲ.
ಗಾಜಿನಾಚೆಯ ಉಷ್ಣಮಾಪಕದಲ್ಲಿ ಕೆಂಪು ಗೆರೆ
ಸೊನ್ನೆಯಿಂದ ಇಪ್ಪತ್ತೇಳು ಮೆಟ್ಟಿಲು ಇಳಿದು
ನೆಲಮಾಳಿಗೆಯಲ್ಲಿ ಕೂತಿದೆ.
ಟೋಂಗಾದ ಹಾಫೋಕಾ ಮಂಡಿಯೂರಿದ್ದಾನೆ,
ಎರಡು ಟೋಪಿ, ಅದರ ಮೇಲೆ ಕಂಬಳಿ.
ಪ್ರಾರ್ಥನೆ ಉದ್ದವಾದಷ್ಟೂ ನನಗೆ ಅನುಮಾನ,
ನಿದ್ದೆ ಹೋದನೇ ಎಂದು.
ಒಮ್ಮೆ ಹೋಗಿದ್ದ. ನಾನೂ ಎಬ್ಬಿಸಲಿಲ್ಲ.

ರೇಡಿಯೇಟರಿನ ಮೇಲೆ ನಾಲ್ಕು ಬಿಳಿ ಅಂಗಿ,
ಎರಡು ನನ್ನವು, ಎರಡು ಡೇರೆಯಷ್ಟಗಲ.
ಓಟ್ಸ್ ಗಂಜಿ. ಆಮೇಲೆ ಭಾಷಾಪಾಠ.
ಫಿನ್ನಿಶ್‌ಗೆ ಹದಿನೈದು ವಿಭಕ್ತಿ:
ಮನೆಯೊಳಗೆ, ಮನೆಯೊಳಗಿಂದ, ಮನೆಯೊಳಕ್ಕೆ,
ಮನೆಯ ಮೇಲೆ, ಮನೆಯಿಲ್ಲದೆ—
ಒಂದೊಂದಕ್ಕೂ ಒಂದೊಂದು ಬಾಲ.
ಮನೆಯಿಲ್ಲದೆ ಅನ್ನುವುದು ಮಾತ್ರ
ನನ್ನ ಬಾಯಿಗೆ ಬೇಗ ಬಂತು.

ಹತ್ತಕ್ಕೆ ಬೀದಿ. ಮಂಜುಗಡ್ಡೆಯ ಮೇಲೆ ಜಲ್ಲಿ ಚೆಲ್ಲಿದ್ದಾರೆ,
ಕಯಾನಿ ಊರೆಲ್ಲ ಕಾಲಡಿ ಕರಕರ.
ಮೂಗಿನೊಳಗಿನ ಕೂದಲು ಮುಳ್ಳಾಗುತ್ತದೆ.
ಮೊದಲ ದಿನ ಹಾಫೋಕಾ ಕೆಮ್ಮಿ ಕೆಮ್ಮಿ ಕೇಳಿದ್ದ:
ಇದು ಗಾಳಿಯೋ, ಯಾರಾದರೂ ಎಸೆದದ್ದೋ?

ನಾಲ್ಕು ಮಹಡಿ, ಮಹಡಿಗೆ ಮೂರು ಬಾಗಿಲು.
ಮೆಟ್ಟಿಲ ದೀಪಕ್ಕೆ ಒಂದೂವರೆ ನಿಮಿಷ ಆಯುಷ್ಯ.
'ನಮ್ಮಲ್ಲಿ ಒಂದು ಸಂದೇಶ—' ಅನ್ನುವಷ್ಟರಲ್ಲಿ
ಆರಿತು. ಹಾಫೋಕಾ ಗೋಡೆ ತಡವುತ್ತಾನೆ,
ನಾನು ಕತ್ತಲಲ್ಲೇ ಬೆಳಕಿನ ವಿಚಾರ ಮುಂದುವರಿಸುತ್ತೇನೆ.
ದೀಪ ಬಂದಾಗ ಬಾಗಿಲು ಮುಚ್ಚಿದೆ. ಮೆತ್ತಗೆ.
ಇಲ್ಲಿ ಯಾರೂ ದಡಾರನೆ ಮುಚ್ಚುವುದಿಲ್ಲ,
ಸಿಟ್ಟು ಮಾಡಿಕೊಳ್ಳಲೂ ದಾರಿಯಿಲ್ಲ.

ಒಳಗೆ ಕರೆದವರು ಮೊದಲು ಕಾಫಿ ಬಗ್ಗಿಸುತ್ತಾರೆ.
ಬೇಡವೆಂದರೆ, ಹೊಟ್ಟೆ ಸರಿಯಿಲ್ಲವೇ ಎಂದು ಕೇಳುತ್ತಾರೆ.
ದೇವರು ಬೇಡವೆಂದಿದ್ದಾನೆ ಎಂಬುದನ್ನು
ಯಾವ ವಿಭಕ್ತಿಯಲ್ಲಿ ಹೇಳಲಿ?
ಪರಿಮಳಕ್ಕೇನೂ ನಿಷೇಧವಿಲ್ಲ.
ಬೆರಳು ಬದುಕಿ ಬರುವವರೆಗೂ ಮೂಸುತ್ತಾ ಕೂರುತ್ತೇನೆ.

ಇವತ್ತು ಮೂರಕ್ಕೇ ಕತ್ತಲಾಯಿತು.
ನದಿಯ ದಂಡೆಯಲ್ಲಿ ಇಂಪಿ ಟೋಲ್ವನೆನ್ ಎಂಬ ಮುದುಕಿ,
ದೇವರು ಬೇಡ, ಇರುವವನೊಬ್ಬ ಸಾಕು ಎಂದು
ನವೆಂಬರಿನಲ್ಲೇ ಹೇಳಿ ಕಳಿಸಿದ್ದವಳು,
ಸಲಿಕೆ ಕೈಗಿಟ್ಟಳು. ಸೌದೆಮನೆಗೆ ದಾರಿ ಬೇಕಿತ್ತು.
ಐಡಹೋದಲ್ಲಿ ಅಪ್ಪನ ಆಲೂಗಡ್ಡೆ ಹೊಲಕ್ಕೂ ಹಿಮ ಬೀಳುತ್ತದೆ,
ನನಗೆ ಗೊತ್ತು ಎಂದೆ.
ಗೊತ್ತಿಲ್ಲ ಎಂದಳು. ಎತ್ತಬೇಡ, ತಳ್ಳು.
ತಳ್ಳಿದೆವು. ಟೈ ಗಟ್ಟಿಯಾಗಿ
ಮರದ ಸೌಟಿನಂತೆ ಎದೆಗೆ ಬಡಿಯುತ್ತಿತ್ತು.

ಆಮೇಲೆ ಒಳಗೆ, ಕಾಫಿಯಲ್ಲ,
ಕಪ್ಪುದ್ರಾಕ್ಷಿಯ ಬಿಸಿ ರಸ. ಬಾಟಲಿ ಹೊಸದು,
ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.
ಹೆಸರೇನು ಎಂದಳು. ಎಲ್ಡರ್—
ಅದು ಅಂಗಿಯ ಹೆಸರು. ನಿನ್ನ ಅಮ್ಮ ಏನಂತಾಳೆ?
ಥೇನ್, ಎಂದೆ. ಒಂದು ವರ್ಷದ ಮೇಲೆ
ಅದು ನನ್ನ ಬಾಯಿಂದ ಬಂದದ್ದು ಆಗಲೇ.
ತೇಯ್ನ್, ಎಂದಳು, ಸಿಗದ ಅಕ್ಷರ ಬಿಟ್ಟು.
ನಮ್ಮಲ್ಲಿ ಅದರರ್ಥ 'ನಾನು ಮಾಡಿದೆ.'
ಹಾಗಾದರೆ ಹೇಳು, ಏನು ಮಾಡಿದೆ?

ಕಿಟಕಿಯಾಚೆ ನಾವು ತೆಗೆದ ದಾರಿಯ ಮೇಲೆ
ಮತ್ತೆ ಬೀಳತೊಡಗಿತ್ತು.

ರಾತ್ರಿ ವರದಿ ಬರೆದೆ: ಬಾಗಿಲು ನಲವತ್ತೊಂದು,
ಪಾಠ ಸೊನ್ನೆ. ಸೌದೆಮನೆಗೆ ಅಂಕಣವಿಲ್ಲ.
ಹತ್ತೂವರೆಗೆ ದೀಪ ಆರಿಸಿದೆವು.
ತೇಯ್ನ್, ಎಂದ ಹಾಫೋಕಾ ಕತ್ತಲಲ್ಲಿ,
ನಗು ತಡೆಯುತ್ತಾ. ನಿಯಮಕ್ಕೆ ವಿರುದ್ಧ.
ಸ್ವಲ್ಪ ಹೊತ್ತು ಬಿಟ್ಟು: ನಂದು ಕಿತಿಯೋನಾ.
ಗೊತ್ತು, ಎಂದೆ.

ಆರು ವಾರ ಒಂದೇ ಕೋಣೆ. ಗೊತ್ತಿರಲಿಲ್ಲ.